ಆ 2/5 ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ಶಾಲೆ ಯಾಕೆ ಬೇಕು ಅಂತ ಕೇಳಿದರೆ ದೊಡ್ಡ ದೊಡ್ಡ ಉತ್ತರಗಳು ಬರುತ್ತವೆ. ನನ್ನ ಹತ್ತಿರ ಇರುವುದು ಒಂದು ಚಿಕ್ಕ ಲೆಕ್ಕ.

1/2ಕ್ಕೆ 1/3 ಕೂಡಿಸಿ ಅಂದಿದ್ದೆ. ಒಬ್ಬ ಹುಡುಗಿ 2/5 ಅಂತ ಬರೆದಿದ್ದಳು. ಮೇಲಿನವನ್ನು ಕೂಡಿಸು, ಕೆಳಗಿನವನ್ನು ಕೂಡಿಸು. ಮೇಷ್ಟ್ರುಗಳೆಲ್ಲ ನೂರಾರು ಸಲ ನೋಡಿರುವ ತಪ್ಪು, ಅಲ್ವಾ? ಕೆಂಪು ಗೀಟು ಹಾಕಿ, "ಛೇದ ಸಮ ಮಾಡ್ಕೋ" ಅಂತ ಹೇಳಿ ಮುಂದಿನ ಬೆಂಚಿಗೆ ಹೋದೆ.

ಹಿಂದಿನಿಂದ ಅವಳ ದನಿ ಕೇಳಿಸಿತು. "ಸರ್, ಎರಡು ಸಲ ಚೆಂಡು ಎಸೆದೆ, ಒಂದು ಸಲ ಗುರಿಗೆ ಬಿತ್ತು. ಆಮೇಲೆ ಮೂರು ಸಲ ಎಸೆದೆ, ಒಂದು ಬಿತ್ತು. ಐದರಲ್ಲಿ ಎರಡು ತಾನೇ?"

ಹೌದು, ಐದರಲ್ಲಿ ಎರಡೇ! ಅವಳ ಲೆಕ್ಕ ಸರಿಯಾಗಿತ್ತು. ನಾನು ಕೇಳಿದ್ದು ಮಾತ್ರ ಬೇರೆ ಲೆಕ್ಕ. ಒಂದು ಕಾಗದದ ಪಟ್ಟಿ ತೆಗೆದುಕೊಂಡೆವು. ಅದರ ಅರ್ಧ, ಅದರದೇ ಮೂರರಲ್ಲೊಂದು ಭಾಗ, ಎರಡನ್ನೂ ಜೋಡಿಸಿಟ್ಟೆವು. 2/5 ಅಂದರೆ ಅರ್ಧಕ್ಕಿಂತ ಕಮ್ಮಿ. ಕೂಡಿಸಿದ ಮೇಲೆ ಕಮ್ಮಿ ಆಗುತ್ತಾ? ಅವಳೇ ನಕ್ಕಳು. ಅರ್ಧವೂ ಮೂರರಲ್ಲೊಂದೂ ಒಂದೇ ಪಟ್ಟಿಯ ಭಾಗಗಳು. ಎಸೆತಗಳಲ್ಲಿ ಮಾತ್ರ ಗುಂಪು ಎರಡು: ಒಂದರಲ್ಲಿ ಎರಡು ಎಸೆತ, ಇನ್ನೊಂದರಲ್ಲಿ ಮೂರು. ಇದು ತಿಳಿಯುವಷ್ಟರಲ್ಲಿ ಬೆಲ್ ಹೊಡೆಯಿತು. ಉತ್ತರ 5/6 ಅಂತ ಬರೆಯೋಕೆ ಅರ್ಧ ನಿಮಿಷ ಸಾಕಿತ್ತು, ನಿಜ. ಅವತ್ತಿನ ಪಾಠ ಮುಗಿಯಲಿಲ್ಲ, ಅದೂ ನಿಜ.

ಕಾಯದೆ ಮುಂದಿನ ಬೆಂಚಿಗೆ ಹೋಗುವವನು ನಾನೊಬ್ಬನೇ ಅಲ್ಲ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ತರಗತಿಗಳ ಮಾತನ್ನು ರೆಕಾರ್ಡ್ ಮಾಡಿ ಕೇಳಿದ್ದರು. 1974ರಲ್ಲಿ ಅದನ್ನು ಪ್ರಕಟಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಮಾತಾಡಿದರು. ಮೂರೇ ಸೆಕೆಂಡ್! ಆದರೆ ಇಡೀ ತರಗತಿ ನಮ್ಮ ಮುಖ ನೋಡುತ್ತಿರುವಾಗ ಅದು ಎಷ್ಟು ಉದ್ದ ಅಂತ ಪಾಠ ಮಾಡಿದವರಿಗೇ ಗೊತ್ತು. ನಾನು ಈಗಲೂ ಮನಸ್ಸಿನಲ್ಲೇ ಎಣಿಸುತ್ತೇನೆ.

ಮಗ್ಗಿ ಬಾಯಿಗೆ ಬರಬೇಕು, ಪರೀಕ್ಷೆಯೂ ಇರಲಿ. ಅದರ ಬಗ್ಗೆ ನನಗೆ ಜಗಳವಿಲ್ಲ. ಆದರೆ ಬರೀ ಸರಿ ಉತ್ತರ ಬೇಕಾದರೆ ಪುಸ್ತಕದ ಕೊನೆಯ ಪುಟದಲ್ಲೇ ಇದೆಯಲ್ಲ. ಅದಕ್ಕೆ ಇಷ್ಟು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಬೇಕಾ? "ಇದು ನಿನಗೆ ಹೇಗೆ ಬಂತು?" ಅಂತ ಕೇಳುವವರು ಒಬ್ಬರು ಬೇಕು. ಅದನ್ನು ನಗದೆ ಕೇಳಿಸಿಕೊಳ್ಳುವ ಜೊತೆಗಾರರು ಬೇಕು. ಶಾಲೆ ಇರಬೇಕಾದದ್ದು ಅದಕ್ಕೆ ಅಂತ ನನಗನ್ನಿಸುತ್ತದೆ.

ಮಾರನೇ ದಿನ ಅದೇ ಹುಡುಗಿ ಬಂದಳು. "ಸರ್, ನನ್ನ ಥರ ಕೂಡಿಸೋದಕ್ಕೆ ಬೇರೆ ಚಿಹ್ನೆ ಇದೆಯಾ?" ನನಗೆ ಗೊತ್ತಿರಲಿಲ್ಲ. ನೀನೇ ಒಂದು ಮಾಡು ಅಂದೆ. ಬೋರ್ಡಿನ ಮೇಲೆ ಸಣ್ಣ ಸೊನ್ನೆ ಬರೆದು ಅದರೊಳಗೆ ಕೂಡುವ ಚಿಹ್ನೆ ಹಾಕಿದಳು. ಆ ವಾರವೆಲ್ಲ ತರಗತಿ ಅದನ್ನೇ ಬಳಸಿತು.