ನಾಟಕದ ಡಿಗ್ರಿ: ಸಾಲದ ಟೇಬಲ್ಲಿನಿಂದ ಒಂದು ಮಾತು

ಕೇಳುಗರಿಗೆ ನಮಸ್ಕಾರ.

ಹನ್ನೆರಡನೇ ತರಗತಿಯ ರಿಸಲ್ಟ್ ಬಂದರೆ ಸಾಕು, ನನ್ನ ಫೋನಿಗೆ ಬಿಡುವಿಲ್ಲ. ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿಯೇ ರಿಟೈರ್ ಆದವನು. ಆಫೀಸು ಬಿಟ್ಟ ಮೇಲೆ ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ನಾಟಕದ ರಿಹರ್ಸಲ್‌ಗೆ ಓಡುತ್ತಿದ್ದವನು. ಎರಡೂ ಕಡೆಯ ವಿಷಯ ಇವನಿಗೆ ಗೊತ್ತಿರಬೇಕು ಅಂತ ಡೊಂಬಿವಲಿ, ಮೀರಾ ರೋಡ್ ಕಡೆಯ ನಮ್ಮ ಜನ ಕೇಳುತ್ತಾರೆ: "ಅಣ್ಣಾ, ಮಗಳಿಗೆ ನಾಟಕ ಕಲಿಯಬೇಕಂತೆ. ಡಿಗ್ರಿ ಮಾಡಿದರೆ ಹೊಟ್ಟೆಪಾಡು ನಡೆಯುತ್ತದಾ?"

ನಡೆಯುತ್ತದೆ ಮಾರಾಯ್ರೆ. ಆದರೆ ಅಪ್ಪ ಅಮ್ಮ ಯಾವ ಕಡೆ ನೋಡುತ್ತಾ ಕೂತಿದ್ದಾರೋ ಆ ಕಡೆಯಿಂದ ದುಡ್ಡು ಬರುವುದು ಕಡಿಮೆ.

ಅವರು ನೋಡುವುದು ಸಿನಿಮಾ, ಸೀರಿಯಲ್ಲಿನವರು ಇರುವ ಅಂಧೇರಿಯ ಕಡೆ. ವರ್ಸೋವಾದ ಆರಾಮ್ ನಗರಕ್ಕೆ ನಮ್ಮ ತಂಡದ ಹುಡುಗನ ಜೊತೆ ಒಮ್ಮೆ ಹೋಗಿದ್ದೆ. ಹಳೇ ಬಂಗಲೆಗಳು, ಒಂದೊಂದರಲ್ಲೂ ಪಾತ್ರಕ್ಕೆ ನಟರನ್ನು ಆರಿಸುವ ಒಂದೊಂದು ಕಾಸ್ಟಿಂಗ್ ಆಫೀಸು. ಗೇಟಿನ ಹತ್ತಿರ ಹುಡುಗ ಹುಡುಗಿಯರ ಸಾಲು. ಬಾಗಿಲಲ್ಲಿ ನಿಂತವನು ಮುಖ ನೋಡಿದ, ಎತ್ತರ ಕೇಳಿದ, "ನಾಟ್ ಫಿಟ್" ಅಂದ. ಮುಗಿಯಿತು, ಒಂದು ನಿಮಿಷವೂ ಹಿಡಿಯಲಿಲ್ಲ. ಒಳಗೆ ಹೋದವರು ಕ್ಯಾಮೆರಾ ಮುಂದೆ ಹೆಸರು, ವಯಸ್ಸು, ಎತ್ತರ ಹೇಳಿ, ಎಡಕ್ಕೆ ಬಲಕ್ಕೆ ತಿರುಗಿ, ಎರಡು ಮಾತು ಆಡಿ ಹೊರಗೆ ಬಂದರು. ನಮ್ಮ ಹುಡುಗನ ಬ್ಯಾಗಿನಲ್ಲಿ ಸರ್ಟಿಫಿಕೇಟು ಪ್ಲಾಸ್ಟಿಕ್ ಫೈಲಿನಲ್ಲಿ ಭದ್ರವಾಗಿತ್ತು. ಅದನ್ನು ಯಾರೂ ಕೇಳಲಿಲ್ಲ. ಯಾಕೆ ಕೇಳುತ್ತಾರೆ ಹೇಳಿ? ಹಿಂದಿ ಸಿನಿಮಾದ ಮನೋಜ್ ಬಾಜಪೇಯಿಗೆ ದಿಲ್ಲಿಯ ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾ, ಅಂದರೆ ಎನ್‌ಎಸ್‌ಡಿಯಲ್ಲಿ ಸೀಟೇ ಸಿಗಲಿಲ್ಲ. ಅಲ್ಲೇ ಓದಿ ಮುಗಿಸಿದ ನವಾಜುದ್ದೀನ್ ಸಿದ್ದಿಕಿ ಹೆಸರು ಮಾಡುವ ಹೊತ್ತಿಗೆ ಹದಿನೈದು ವರ್ಷ ಕಳೆದಿತ್ತು.

ಆದ್ದರಿಂದ ನಾನು ಮೊದಲು ಹೇಳುವುದು ಇಷ್ಟು. ನಾಟಕದ ಕೋರ್ಸಿನಲ್ಲಿ ನೀವು ಎರಡು ಸಾಮಾನು ಕೊಳ್ಳುತ್ತೀರಿ. ಒಂದು ತರಬೇತಿ, ಇನ್ನೊಂದು ಕಾಗದ. ತರಬೇತಿಗೆ ಗಿರಾಕಿ ಬೇರೆ, ಕಾಗದಕ್ಕೆ ಗಿರಾಕಿ ಬೇರೆ. ಎರಡನ್ನೂ ಸೇರಿಸಿ ಒಂದೇ ರೇಟು ಕಟ್ಟಿದರೆ ಲೆಕ್ಕ ತಪ್ಪುತ್ತದೆ.

ಕಾಗದ ಕೇಳುವುದು ತಿಂಗಳ ಸಂಬಳ ಕೊಡುವ ಜಾಗದಲ್ಲಿ. ಮುಖ್ಯವಾಗಿ ಶಾಲೆ, ಕಾಲೇಜು. ಎನ್‌ಎಸ್‌ಡಿಯ ಮೂರು ವರ್ಷದ ಡಿಪ್ಲೊಮಾವನ್ನು ಅಧ್ಯಾಪಕ ಹುದ್ದೆಯ ಮಟ್ಟಿಗೆ ಎಂ.ಎ.ಗೆ ಸಮ ಅಂತ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ ಒಪ್ಪಿದೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲೂ ನಾಟಕ ಒಂದು ವಿಷಯ. ಸ್ನಾತಕೋತ್ತರದಲ್ಲಿ ಶೇ. 55 ಅಂಕ ಇದ್ದರೆ ಕೂರಬಹುದು, ಪರಿಶಿಷ್ಟ ಜಾತಿ, ಪಂಗಡದಂಥ ಕೆಲವು ಮೀಸಲಾತಿ ವರ್ಗದವರಿಗೆ ಶೇ. 50 ಸಾಕು. ಇನ್ನು ಮುಂಬಯಿಯ ಇಂಟರ್‌ನ್ಯಾಷನಲ್ ಶಾಲೆಗಳು. ಅಲ್ಲಿ ನಡೆಯುವ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಪಠ್ಯದಲ್ಲಿ ಗಣಿತ, ಇತಿಹಾಸದ ಹಾಗೆ ಥಿಯೇಟರ್ ಕೂಡ ಅಂಕ ಕೊಡುವ ವಿಷಯ. ಅದನ್ನು ಕಲಿಸುವವರಿಗೆ ಸಾಮಾನ್ಯವಾಗಿ ಡಿಗ್ರಿ ಕೇಳುತ್ತಾರೆ. ಮಗಳು ಟೀಚರ್ ಆಗುತ್ತಾಳೆ ಅಂದರೆ ಕೆಲವು ಅಮ್ಮಂದಿರ ಮುಖ ಸಪ್ಪಗಾಗುತ್ತದೆ, ಸ್ಟಾರ್ ಆಗುತ್ತಾಳೆ ಅಂದುಕೊಂಡಿರುತ್ತಾರೆ. ಆದರೆ ಸಾಲದ ಟೇಬಲ್ಲಿನ ಹಿಂದೆ ಕೂತಿದ್ದ ನನಗೆ ಕಣ್ಣಿಗೆ ಬೀಳುವುದು ಪೇ ಸ್ಲಿಪ್ಪೇ.

ಸಾಲದ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಕ್ಟಿಂಗ್ ಕಲಿಸುವ ಖಾಸಗಿ ಸಂಸ್ಥೆಗಳು ಈ ಊರಲ್ಲಿ ಬೇಕಾದಷ್ಟಿವೆ. ಫೀಸು ಲಕ್ಷದ ಲೆಕ್ಕದಲ್ಲಿರುತ್ತದೆ. ಹತ್ತು ಲಕ್ಷ ಸಾಲ ತೆಗೆದಿರಿ ಅಂತಿಟ್ಟುಕೊಳ್ಳಿ. ಶೇ. 10 ಬಡ್ಡಿ, ಹತ್ತು ವರ್ಷ. ತಿಂಗಳ ಕಂತು ಸುಮಾರು 13,200 ರೂಪಾಯಿ. ಕೊನೆಗೆ ಕಟ್ಟಿದ್ದು ಒಟ್ಟು 15 ಲಕ್ಷ 86 ಸಾವಿರದ ಹತ್ತಿರ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ನಿಜ. ಆದರೆ ಬಡ್ಡಿ ಆಗಲೂ ಓಡುತ್ತಿರುತ್ತದೆ, ನಾನು ಹೇಳಿದ ಮೊತ್ತದಲ್ಲಿ ಅದು ಸೇರಿಲ್ಲ. ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ಅಂದರೆ ಅಪ್ಪ ಹೋಟೆಲಿನಲ್ಲಿ ದುಡಿದು ಮಾಡಿದ ಒಂದು ರೂಮು ಕಿಚನ್ ಮನೆಯ ಪತ್ರ ಬ್ಯಾಂಕಿನ ಕಪಾಟಿಗೆ ಹೋಗುತ್ತದೆ.

ಎದುರಿಗೆ ಆದಾಯ ಹೇಗೆ ಬರುತ್ತದೆ ನೋಡಿ. ಸೀರಿಯಲ್ಲಿನಲ್ಲಿ ಇಂದು ಶೂಟಿಂಗ್ ಮಾಡಿದರೆ ದುಡ್ಡು ಕೈಗೆ ಬರುವುದು 90 ದಿನ ಕಳೆದ ಮೇಲೆ, ಅದು ಈ ಊರಿನ ವಾಡಿಕೆ. ಕೆಲಸ ಕೊಡಿಸಿದ ಕೋಆರ್ಡಿನೇಟರ್ ತನ್ನ ಕಮಿಷನ್ ಹಿಡಿಯುತ್ತಾನೆ. ಮೇಲೆ ಶೇ. 10 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ. ಈ ಟಿಡಿಎಸ್ ವಿಷಯದಲ್ಲಿ ನಮ್ಮ ಹುಡುಗರು ತೀರಾ ಸೋಮಾರಿಗಳು. ವರ್ಷದ ಆದಾಯ ತೆರಿಗೆಯ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ ಹಾಕಿ ಆ ದುಡ್ಡು ವಾಪಸ್ ತಗೋಬಹುದು. ಎಷ್ಟೋ ಮಂದಿ ಹಾಕುವುದೇ ಇಲ್ಲ, ಸುಮ್ನೆ ಬಿಟ್ಟುಬಿಡುತ್ತಾರೆ. ಅದಿರಲಿ. ಕಂತು ಪ್ರತಿ ತಿಂಗಳು ಬಾಗಿಲು ಬಡಿಯುತ್ತದೆ, ಸಂಭಾವನೆ ತನಗೆ ಬೇಕಾದಾಗ ಬರುತ್ತದೆ. ಇದಕ್ಕೇ ನಾನು ನಾಟಕ ಕಲಿಯಲು ಸಾಲ ಬೇಡ ಅನ್ನುವುದು. ಕಲಿಯುವುದು ಬೇಡ ಅಂದವನಲ್ಲ ನಾನು.

ಕಡಿಮೆ ಖರ್ಚಿನ ದಾರಿ ಇದೆಯಲ್ಲ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಅಕಾಡೆಮಿ ಆಫ್ ಥಿಯೇಟರ್ ಆರ್ಟ್ಸ್ 2003ರಿಂದ ಇದೆ, ಎರಡು ವರ್ಷದ ಸ್ನಾತಕೋತ್ತರ ಕೋರ್ಸು. ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ 1987ರದ್ದು. ನಾಟಕಕಾರ ಸತೀಶ್ ಆಳೇಕರ್ ವರ್ಷಗಟ್ಟಲೆ ಅದರ ಮುಖ್ಯಸ್ಥರಾಗಿದ್ದರು. ಅಲ್ಲಿ ಬಿ.ಎ.ಯೂ ಇದೆ, ಎಂ.ಎ.ಯೂ ಇದೆ. ಎನ್‌ಎಸ್‌ಡಿಯಲ್ಲಂತೂ ವಿದ್ಯಾರ್ಥಿಗೇ ಪ್ರತಿ ತಿಂಗಳು ವಿದ್ಯಾರ್ಥಿವೇತನ ಕೊಡುತ್ತಾರೆ. ಊರಿನ ಕಡೆ ಹೋಗುವ ಮನಸ್ಸಿದ್ದರೆ ಹೆಗ್ಗೋಡಿನ ನೀನಾಸಂ ಇದೆ. ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಶುರು ಮಾಡಿದ ರಂಗಶಿಕ್ಷಣ ಕೇಂದ್ರ, ಒಂದು ವರ್ಷದೊಳಗೆ ಮುಗಿಯುವ ಡಿಪ್ಲೊಮಾ. ಆಮೇಲೆ ಅವರದೇ ತಿರುಗಾಟ ತಂಡಕ್ಕೆ ಆಯ್ಕೆಯಾದರೆ ಊರೂರು ಸುತ್ತುತ್ತಾ ನಾಟಕ ಮಾಡಬಹುದು. ಇನ್ನೊಂದು, ಕೇಂದ್ರದ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುವ ಯೋಜನೆ ಇದೆ. ಅದಕ್ಕೆ ನಾಟಕದವರೂ ಅರ್ಜಿ ಹಾಕಬಹುದು.

ಆದರೆ ಎಲ್ಲಕ್ಕಿಂತ ದೊಡ್ಡ ಸ್ಕಾಲರ್‌ಶಿಪ್ ನಿಮ್ಮ ಮನೆಯಲ್ಲೇ ಇದೆ. ಬಿಹಾರದಿಂದ, ಉತ್ತರ ಪ್ರದೇಶದಿಂದ ಬಂದ ಮಕ್ಕಳು ವರ್ಸೋವಾದಲ್ಲಿ ಒಂದು ಹಾಸಿಗೆ ಹಾಸುವ ಜಾಗಕ್ಕೆ ಬಾಡಿಗೆ, ಡಿಪಾಸಿಟ್ ಕೊಡುತ್ತಾರೆ. ದುಡ್ಡು ಮುಗಿದ ದಿನ ಗಂಟುಮೂಟೆ ಕಟ್ಟುತ್ತಾರೆ. ನಿಮ್ಮ ಮಗಳು ಮೀರಾ ರೋಡಿನಲ್ಲಿ ಗಂಜಿ ಚಟ್ನಿ ಉಂಡು, ರೈಲಿನ ಪಾಸ್ ತೋರಿಸಿ ಅಂಧೇರಿಯಲ್ಲಿ ಇಳಿಯುತ್ತಾಳೆ. ಕೆಲಸ ಸಿಗುವವರೆಗೆ ಕಾಯುವ ತಾಕತ್ತು ಅವಳಿಗೆ ಜಾಸ್ತಿ. ಈ ದಂಧೆಯಲ್ಲಿ ಅರ್ಧ ಆಸ್ತಿ ಅದೇ. ಡಿಗ್ರಿಯ ಬೆಲೆ ಲೆಕ್ಕ ಹಾಕುವಾಗ ಇದನ್ನು ಯಾರೂ ಬರೆಯುವುದಿಲ್ಲ.

ಇನ್ನು ತರಬೇತಿಯ ಗಿರಾಕಿಗಳು. ಅವರು ಕಾಗದ ನೋಡುವುದಿಲ್ಲ, ಕೆಲಸ ನೋಡುತ್ತಾರೆ. ನಮ್ಮವರಿಗೆ ಹೊಸದಾಗಿ ತೆರೆದ ಬಾಗಿಲು ಡಬ್ಬಿಂಗ್. ಕನ್ನಡದಲ್ಲಿ ಡಬ್ಬಿಂಗ್ ಅಂದರೆ ದಶಕಗಟ್ಟಲೆ ಕಟ್ಟುನಿಟ್ಟಿನ ವಿರೋಧವಿತ್ತು. 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್ ಹೊತ್ತಿಗೆ ಹಿಂದಿಯ ಮಹಾಭಾರತ ಕನ್ನಡದಲ್ಲಿ ಮನೆಮನೆಗೆ ಬಂತು. ಇಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಹಿಂದಿ ಕೇಳಿದ ಕೂಡಲೇ ಅರ್ಥವಾಗುತ್ತದೆ. ಕನ್ನಡದಲ್ಲಿ ಮಾತ್ರ ಅಕಾರ ಹಕಾರ ಅದಲುಬದಲು, ಳಕಾರ ಮಾಯ. ಅದನ್ನು ತಿದ್ದಿಸುವುದು ನಾಟಕದ ತರಬೇತಿ, ಮತ್ತೆ ದಿನಾ ಗಟ್ಟಿಯಾಗಿ ಓದುವುದು.

ಮರಾಠಿ ಬರುವುದೂ ದುಡ್ಡೇ. ದಾದರಿನ ಶಿವಾಜಿ ಮಂದಿರ, ಠಾಣೆಯ ಗಡಕರಿ ರಂಗಾಯತನದಲ್ಲಿ ಶನಿವಾರ ಭಾನುವಾರ ಟಿಕೆಟ್ ಕೊಟ್ಟು ನಾಟಕ ನೋಡುವ ಜನ ಇದ್ದಾರೆ. ಅಲ್ಲಿ ಪ್ರತಿ ಪ್ರಯೋಗಕ್ಕೂ ನಟರಿಗೆ 'ನೈಟ್' ಅಂತ ಸಂಭಾವನೆ ಇದೆ. ನಮ್ಮ ಕನ್ನಡ ತಂಡಗಳಲ್ಲಿ ನಟರಿಗೆ ಸಿಗುವುದು ಹೆಚ್ಚಾಗಿ ಶಾಲು, ಬಟಾಟಾ ವಡೆ. ನಾನೂ ಅದನ್ನೇ ತಿಂದವನು, ದೂರಿಲ್ಲ. ಬ್ಯಾಂಕು, ಮಿಲ್ಲು, ಹೋಟೆಲಿನ ಸಂಬಳದಲ್ಲಿ ನಡೆದ ರಂಗಭೂಮಿ ನಮ್ಮದು. ಹಗಲು ಕೆಲಸ, ರಾತ್ರಿ ಶಾಲೆ, ರಜೆಯಲ್ಲಿ ನಾಟಕ.

ಲೈಟಿಂಗ್, ಸೌಂಡ್ ಕಲಿತವರ ಸಂಗತಿ ಬೇರೆ. ಅವರಿಗೆ ಮದುವೆ, ಕಂಪನಿಗಳ ಕಾರ್ಯಕ್ರಮ, ಎಲ್ಲ ಕಡೆ ಕರೆ ಬರುತ್ತದೆ. ವಯಸ್ಸಾದರೂ ಯಾರೂ 'ನಾಟ್ ಫಿಟ್' ಅನ್ನುವುದಿಲ್ಲ.

ಎನ್‌ಎಸ್‌ಡಿಗೆ ಅರ್ಜಿ ಹಾಕುವವರಿಗೆ ಒಂದು ಮಾತು. ಮೊದಲು ಯಾವುದಾದರೂ ವಿಷಯದಲ್ಲಿ ಡಿಗ್ರಿ ಮುಗಿದಿರಬೇಕು, ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ಆ ಡಿಗ್ರಿ ಬಿ.ಕಾಂ. ಆದರೂ ನಡೆಯುತ್ತದೆ, ನಾಳೆ ಬೇರೆ ಕೆಲಸಕ್ಕೂ ಆಗುತ್ತದೆ. ಓದುತ್ತಿರುವಾಗಲೇ ಸಂಜೆ ನಮ್ಮ ಸಂಘಗಳ ಕಡೆ ಬನ್ನಿ, ನಾಟಕದಲ್ಲಿ ಸೇರಿಕೊಳ್ಳಿ. ಪ್ರತಿ ಪ್ರಯೋಗದ ಕರಪತ್ರ, ಫೋಟೋ ತೆಗೆದಿಡಿ. ಅನುಭವದ ಪತ್ರವನ್ನು ಸಂಘದ ಲೆಟರ್‌ಹೆಡ್ಡಿನಲ್ಲಿ ಆಗಲೇ ಬರೆಸಿಕೊಳ್ಳಿ. ಕಾರ್ಯದರ್ಶಿ ಬದಲಾದ ಮೇಲೆ ಕೇಳಿದರೆ ಹಳೇ ಫೈಲು ಸಿಗುವುದಿಲ್ಲ.

ನಮಸ್ಕಾರ.