ಬಿಳಿಮೀನಿಗೆ ಎಷ್ಟು ಹೊತ್ತಿಗೆ ನೀರು?

ಕೇಳುಗರಿಗೆ ನಮಸ್ಕಾರ.

ಅಣೆಕಟ್ಟು, ಪವರ್ ಹೌಸ್ ಇರುವ ಕಡೆ ಹೊಳೆಗೆ ಹೋದರೆ ಒಂದು ಬೋರ್ಡ್ ಕಣ್ಣಿಗೆ ಬೀಳುತ್ತದೆ. ನೀರು ಇದ್ದಕ್ಕಿದ್ದಂತೆ ಏರಬಹುದು, ಇಳಿಯಬೇಡಿ ಅಂತ. ಓದಿದ ಮೇಲೂ ಕೆಲವರು ಇಳಿಯುತ್ತಾರೆ, ಆ ಮಾತು ಬೇರೆ. ಆದರೆ ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಇರುವವರು ಎಲ್ಲಿಗೆ ಹೋಗಬೇಕು? ಇವತ್ತು ಅಂಥ ಒಂದು ಮೀನಿನ ವಿಷಯ ಹೇಳುತ್ತೇನೆ.

ಕಾವೇರಿಯ ಮಹಶೀರ್. ಹೊಳೆ ಬದಿಯವರು ಬಿಳಿಮೀನು ಎನ್ನುತ್ತಾರೆ. ಅದರಲ್ಲಿ ಬೆನ್ನ ಮೇಲೆ ಡುಬ್ಬ ಇರುವ, ಕಿತ್ತಳೆ ರೆಕ್ಕೆಯ ಒಂದು ಜಾತಿ ಇದೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 120 ಪೌಂಡಿನ ಮೀನು ಹಿಡಿದಿದ್ದರು. ಅಂದರೆ ಸುಮಾರು 54 ಕಿಲೋ. ಒಬ್ಬ ಆಳಿನ ತೂಕ!

ಇಷ್ಟು ದೊಡ್ಡ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದು 2018ರಲ್ಲಿ ಅಂದರೆ ನಂಬುತ್ತೀರಾ? ಕೇರಳದಲ್ಲಿದ್ದರೂ ಕಾವೇರಿ ಬಳಗಕ್ಕೇ ಸೇರಿದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳನ್ನು ನೋಡಿ ಮೊದಲೇ ‘ಟೋರ್ ರೆಮಾದೇವಿಯೈ’ ಅಂತ ಹೆಸರಿಟ್ಟಿದ್ದರು. ಮೀನು ತಜ್ಞೆ ರೆಮಾದೇವಿಯವರ ಹೆಸರು ಅದು. ನಮ್ಮ ಡುಬ್ಬದ ಮೀನೂ ಅದೇ ಅಂತ ತಿಳಿದದ್ದು ಆಮೇಲೆ. ಹೆಸರು ಖಚಿತವಾಗದೆ ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಲು ಬರುತ್ತಿರಲಿಲ್ಲ. ರೇಷನ್ ಕಾರ್ಡ್ ಇಲ್ಲದೆ ಅಕ್ಕಿ ಇಲ್ಲ ಅಂದ ಹಾಗೆ. ಅದೇ ವರ್ಷ ಪಟ್ಟಿಗೆ ಸೇರಿತು, ಅದೂ ಅತ್ಯಂತ ಗಂಭೀರ ಅಪಾಯದ ಸಾಲಿಗೆ.

ಹೀಗೇಕಾಯಿತು? ಸಿಡಿಮದ್ದು ಹಾಕಿ ಮೀನು ಹಿಡಿಯುವವರ ಪಾಲಿದೆ. ಒಳ್ಳೆಯ ಮನಸ್ಸಿನವರ ಪಾಲೂ ಇದೆ! ಮಹಶೀರ್ ಕಡಿಮೆಯಾಗುತ್ತಿದೆ ಅಂತ 1970ರ ದಶಕದಿಂದ ಕಾವೇರಿಗೆ ಮರಿಗಳನ್ನು ತಂದು ಬಿಟ್ಟರು. ಅವು ಬಂದದ್ದು ಮಹಾರಾಷ್ಟ್ರದ ಲೋನಾವಳದಿಂದ, ಅದೂ ಒಂದು ಜಲವಿದ್ಯುತ್ ಕಂಪನಿಯ ಮರಿ ಸಾಕುವ ಕೇಂದ್ರದಿಂದ. ಆದರೆ ಅವು ನೀಲಿ ರೆಕ್ಕೆಯ ಬೇರೆ ಜಾತಿ. 1998ರಿಂದ 2012ರವರೆಗೆ ಗಾಳ ಹಾಕಿ ಮೀನು ಹಿಡಿದು ವಾಪಸ್ ಬಿಡುತ್ತಿದ್ದವರ ಲೆಕ್ಕ ನೋಡಿದರೆ, ನೀಲಿ ರೆಕ್ಕೆಯದು ಜಾಸ್ತಿಯಾಗುತ್ತಾ ಹೋಗಿದೆ, ಡುಬ್ಬದ್ದು ಕಾಣೆಯಾಗುತ್ತಾ ಬಂದಿದೆ. ಮನೆಯವರಿಗೇ ಜಾಗ ಇಲ್ಲದಾಯಿತು.

ಈಗ ಪವರ್ ಹೌಸ್ ವಿಷಯಕ್ಕೆ ಬರೋಣ. ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರದು. ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟಿದ್ದು ಇದೇ. ನಮಗೆಲ್ಲ ಹೆಮ್ಮೆ, ನನಗೂ ಹೆಮ್ಮೆ. ಆದರೆ ಜಲಪಾತಕ್ಕೆ ಮೊದಲೇ ನೀರು ಕಾಲುವೆಗೆ ತಿರುಗುತ್ತದೆ, ಟರ್ಬೈನ್ ತಿರುಗಿಸಿ ಕೆಳಗೆ ಹೊಳೆ ಸೇರುತ್ತದೆ. ಅಲ್ಲಿಂದ ಕೆಳಗೆ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ, ಸಂಗಮ. ಡುಬ್ಬದ ಮೀನಿನ ಹಳೆಯ ಊರುಗಳೇ ಇವು.

ಪವರ್ ಹೌಸಿನ ಕೆಳಗಿನ ಹೊಳೆ ಮಳೆಯ ಮಾತು ಮಾತ್ರ ಕೇಳುವುದಿಲ್ಲ, ಸ್ವಿಚ್ಚಿನ ಮಾತನ್ನೂ ಕೇಳುತ್ತದೆ. ಟರ್ಬೈನ್ ಓಡಿದರೆ ನೀರು ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ದೊಡ್ಡ ಮೀನು ಮಡುವಿಗೆ ಜಾರಿಕೊಳ್ಳುತ್ತದೆ. ತೊಂದರೆ ಮೊಟ್ಟೆಗೆ, ಮರಿಗೆ. ಮಹಶೀರ್ ಮಳೆಗಾಲದಲ್ಲಿ ಹೊಳೆಯ ಮೇಲಕ್ಕೆ ಈಜಿ, ಉರುಟು ಕಲ್ಲಿನ ತೆಳು ನೀರಿನಲ್ಲಿ ಮೊಟ್ಟೆ ಇಡುತ್ತದೆ. ಅಂಥ ಜಾಗದಲ್ಲಿ ನೀರು ಎರಡು ಗೇಣು ಇಳಿದರೂ ಸಾಕು, ಕಲ್ಲು ಒಣಗುತ್ತದೆ, ಮರಿ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನು ಮೇಲಕ್ಕೆ ಹೋಗಲು ಒಡ್ಡು ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು.

ನಾರ್ವೆಯಲ್ಲಿ ಒಂದು ಪ್ರಯೋಗ ನಡೆಸಿದರು. ಮೀನು ಸಾಲ್ಮನ್ ಬಳಗದ್ದು. ನೀರನ್ನು ಗಂಟೆಗೆ 60 ಸೆಂಟಿಮೀಟರಿಗಿಂತ ವೇಗವಾಗಿ ಇಳಿಸಿದಾಗ ಮರಿಗಳು ದಡದಲ್ಲಿ ಸಿಕ್ಕಿಕೊಂಡವು. 10 ಸೆಂಟಿಮೀಟರಿಗಿಂತ ನಿಧಾನ ಮಾಡಿದಾಗ ಸಿಕ್ಕಿಕೊಳ್ಳುವುದು ತುಂಬಾ ಕಡಿಮೆಯಾಯಿತು. ನಮ್ಮ ಮೀನು ಬೇರೆ, ನಮ್ಮ ಹೊಳೆ ಬೇರೆ, ಅದೇ ಅಂಕಿ ಇಲ್ಲಿಗೆ ಹೊಂದಬೇಕಿಲ್ಲ. ಆದರೆ ದಾರಿ ಗೊತ್ತಾಯಿತಲ್ವಾ? ಟರ್ಬೈನ್ ನಿಲ್ಲಿಸಬೇಡಿ ಅಂತ ಯಾರೂ ಹೇಳುತ್ತಿಲ್ಲ. ನಿಧಾನವಾಗಿ ನಿಲ್ಲಿಸಿ, ಅಷ್ಟೇ.

ಇನ್ನೊಂದು ಮಾತು. ಈಗ ಈ ಮೀನಿಗೆ ಉಳಿದಿರುವ ಮುಖ್ಯ ಆಸರೆ ನೀಲಗಿರಿಯ ಕಡೆಯಿಂದ ಹರಿಯುವ ಮೋಯಾರ್ ನದಿ. ಅದರ ಮೇಲ್ಗಡೆಯೂ ಜಲವಿದ್ಯುತ್ ಕೇಂದ್ರಗಳಿವೆ. ಇತ್ತ ಕಾವೇರಿಯಲ್ಲಿ 67 ಟಿಎಂಸಿಯ ಮೇಕೆದಾಟು ಯೋಜನೆಯ ಮಾತು ನಡೆದೇ ಇದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ಸುಳ್ಳಲ್ಲ. ಆದರೆ ಹರಿಯುವ ಹೊಳೆ ನಿಂತ ನೀರಾದರೆ ಈ ಮೀನಿಗೆ ಅದು ಮನೆಯಲ್ಲ. ಮರಿ ತಂದು ಬಿಡುತ್ತೇವೆ ಅನ್ನುವ ಸಮಾಧಾನ ಎಲ್ಲಿಗೆ ಮುಟ್ಟಿತು ಅಂತ ಆಗಲೇ ನೋಡಿದೆವು.

ಪವರ್ ಹೌಸಿನಲ್ಲಿ ಹಗಲು ರಾತ್ರಿ ಲಾಗ್ ಪುಸ್ತಕ ಬರೆಯುತ್ತಾರೆ. ಯಾವ ಹೊತ್ತಿಗೆ ಯಾವ ಟರ್ಬೈನ್ ಓಡಿತು, ಯಾವಾಗ ನಿಂತಿತು ಅಂತ. ಆ ಪುಸ್ತಕವನ್ನು ಮೀನು ತಜ್ಞರ ಮುಂದೆ ಇಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳನ್ನು ಮೊದಲು ತೆರೆಯಲಿ.

ನಮಸ್ಕಾರ.