ನೀರು ಒಡೆದಾಗ ಜಾರಿ ಬರುವ ಹೊಕ್ಕುಳಬಳ್ಳಿ

ಕೇಳುಗರಿಗೆ ನಮಸ್ಕಾರ.

ಸ್ಕ್ಯಾನಿಂಗ್ ವರದಿಯಲ್ಲಿ ‘ಮಗುವಿನ ಕೊರಳಿಗೆ ಬಳ್ಳಿ ಸುತ್ತಿದೆ’ ಎಂಬ ಸಾಲು ಕಂಡರೆ ಸಾಕು, ಮನೆಮಂದಿಗೆಲ್ಲ ಊಟ ಸೇರುವುದಿಲ್ಲ. ಮಾಲೆ ಹಾಕಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗಿಬರುವುದಿಲ್ಲವೆಂದು ಎಣ್ಣೆಯ ಬಟ್ಟಲಲ್ಲಿ ಮುಖ ನೋಡಿಸುವ ಮನೆಗಳೂ ಇವೆ. ಆದರೆ ಹುಟ್ಟುವ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಬಳ್ಳಿ ಹೀಗೆ ಸುತ್ತಿರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಆಮ್ಲಜನಕ ಬರುವುದು ಮೂಗಿನಿಂದಲ್ಲ, ಬಳ್ಳಿಯಿಂದ. ಹಾಗಾಗಿ ಕೊರಳು ಬಿಗಿಯುವ ಭಯ ಬೇಡ. ಬಳ್ಳಿ ಅದುಮಿಹೋಗುತ್ತಿದೆಯೇ ಎಂದು ಮಗುವಿನ ಎದೆಬಡಿತ ಕೇಳಿ ತಿಳಿಯುತ್ತಾರೆ. ಸಡಿಲವಾಗಿದ್ದರೆ ತಲೆ ಹೊರಬಂದ ಕೂಡಲೇ ದಾದಿ ಅದನ್ನು ಕೊರಳ ಸರ ತೆಗೆದಂತೆ ತೆಗೆದುಬಿಡುತ್ತಾರೆ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

ಹೆದರಬೇಕಾದದ್ದು ಇನ್ನೊಂದಕ್ಕೆ. ಮಗುವಿಗಿಂತ ಮೊದಲು ಬಳ್ಳಿಯೇ ಜಾರಿ ಬರುವುದು ಸಾವಿರ ಹೆರಿಗೆಗಳಲ್ಲಿ ಒಂದರಿಂದ ಆರರಷ್ಟು. ಅಪರೂಪ ನಿಜ, ಆದರೆ ಆಗ ಸಿಗುವುದು ಕೆಲವೇ ನಿಮಿಷ.

ಬಳ್ಳಿ ಸುಮಾರು 50ರಿಂದ 60 ಸೆಂಟಿಮೀಟರ್ ಉದ್ದ, ಬೆರಳಿನಷ್ಟು ದಪ್ಪ. ನೀಲಿ ಬೆರೆತ ಬಿಳಿ ಬಣ್ಣ, ಹಗ್ಗದಂತೆ ಹುರಿಗೊಂಡ ಮೈ, ಮುಟ್ಟಿದರೆ ಜಾರುತ್ತದೆ. ಒಳಗಿನ ಲೋಳೆಯ ನಡುವೆ ಮೂರು ರಕ್ತನಾಳ. ಮಾಸಿನಿಂದ ಮಗುವಿಗೆ ಆಮ್ಲಜನಕ ತರುವುದು ಅವುಗಳಲ್ಲಿ ಒಂದೇ ಒಂದು. ಸಾಮಾನ್ಯವಾಗಿ ಮಗುವಿನ ತಲೆ ಕೆಳಗಿಳಿದು, ಬಾಟಲಿಗೆ ಬಿರಡೆ ಹಾಕಿದಂತೆ ದಾರಿ ಮುಚ್ಚಿರುತ್ತದೆ. ಮಗು ಅಡ್ಡಲಾಗಿದ್ದರೆ, ಕಾಲು ಮುಂದಾಗಿದ್ದರೆ, ತಿಂಗಳು ತುಂಬಿರದಿದ್ದರೆ, ಗರ್ಭದ ನೀರು ಹೆಚ್ಚಿದ್ದರೆ, ಅವಳಿಯ ಎರಡನೆಯ ಮಗುವಾಗಿದ್ದರೆ ಸಂದು ಉಳಿಯುತ್ತದೆ. ನೀರು ಒಡೆದು ರಭಸದಿಂದ ಹರಿದಾಗ ಬಳ್ಳಿಯೂ ಅದರೊಡನೆ ಕೆಳಗಿಳಿಯುತ್ತದೆ. ಆಮೇಲೆ ಪ್ರತಿ ನೋವಿಗೂ ಮಗುವಿನ ಭಾರ ಅದನ್ನು ತಾಯಿಯ ಸೊಂಟದ ಮೂಳೆಗೆ ಅದುಮುತ್ತದೆ.

ಮನೆಯಲ್ಲಿ ಹೀಗಾಗಿ ಬಳ್ಳಿ ಹೊರಗೆ ಕಂಡರೆ, ಅಥವಾ ಒಳಗೇ ಜಾರಿದಂತೆ ತಾಯಿಗೆ ಅನಿಸಿದರೆ, ತಕ್ಷಣ 108ಕ್ಕೆ ಕರೆ ಮಾಡಿ ‘ಬಳ್ಳಿ ಹೊರಬಂದಿದೆ’ ಎಂದೇ ಹೇಳಿ. ತಾಯಿ ತಿಣುಕಬಾರದು, ನಡೆಯಬಾರದು. ಮಂಡಿಯೂರಿ, ಎದೆಯನ್ನು ಹಾಸಿಗೆಗೆ ತಾಗಿಸಿ, ಸೊಂಟ ಮೇಲೆತ್ತಿರಲಿ. ಆಗ ಮಗು ಹಿಂದಕ್ಕೆ ಸರಿದು ಬಳ್ಳಿಯ ಮೇಲಿನ ಒತ್ತಡ ತಗ್ಗುತ್ತದೆ. ಓಡುವ ಆಂಬ್ಯುಲೆನ್ಸಿನಲ್ಲಿ ಹಾಗಿರುವುದು ಅಪಾಯ. ಎಡಮಗ್ಗುಲಾಗಿ ಮಲಗಿಸಿ ಸೊಂಟದ ಕೆಳಗೆ ಎರಡು ದಿಂಬು ಇಡಬೇಕು. ಬಳ್ಳಿಯನ್ನು ಒಳಗೆ ತಳ್ಳುವುದು, ಎಳೆಯುವುದು, ಮತ್ತೆಮತ್ತೆ ಮುಟ್ಟಿ ನೋಡುವುದು ಬೇಡವೇ ಬೇಡ. ಕೈ ಸೋಕಿದರೂ ತಂಪು ಗಾಳಿ ತಗುಲಿದರೂ ರಕ್ತನಾಳ ಕುಗ್ಗುತ್ತದೆ. ತಾಯಿಗೆ ಅನ್ನ ನೀರು ಕೊಡಬೇಡಿ, ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಬೇಕಾಗಬಹುದು.

ಹೆರಿಗೆ ಕೋಣೆಯಲ್ಲಿರುವ ದಾದಿಯರಿಗೆ ಒಂದು ಮಾತು. ನೀರು ಒಡೆದ ಕೂಡಲೇ ಮಗುವಿನ ಎದೆಬಡಿತ ಕೇಳಿ. ನಿಮಿಷಕ್ಕೆ 110ರಿಂದ 160 ಇರಬೇಕಾದದ್ದು ಒಮ್ಮೆಲೇ ಇಳಿದರೆ ಒಳಪರೀಕ್ಷೆ ಮಾಡಲೇಬೇಕು, ಬಳ್ಳಿ ಹೊರಗೆ ಕಾಣದೆಯೂ ಇರಬಹುದು. ಬಳ್ಳಿ ಕೈಗೆ ಸಿಕ್ಕರೆ, ಗ್ಲೌಸ್ ಹಾಕಿದ ಅದೇ ಕೈಯಿಂದ ಮಗುವಿನ ತಲೆಯನ್ನು ಮೇಲೆತ್ತಿ ಹಿಡಿಯಬೇಕು. ದೂರದ ಆಸ್ಪತ್ರೆಗೆ ಸಾಗಿಸಬೇಕಾದರೆ ಕ್ಯಾಥೆಟರ್ ಮೂಲಕ ಮೂತ್ರಕೋಶಕ್ಕೆ 500 ಮಿಲಿಲೀಟರಿನಷ್ಟು ಸಲೈನ್ ತುಂಬಿ ಕ್ಲ್ಯಾಂಪ್ ಹಾಕಿದರೆ, ಉಬ್ಬಿದ ಮೂತ್ರಕೋಶವೇ ತಲೆಯನ್ನು ಮೇಲೆತ್ತಿ ಹಿಡಿಯುತ್ತದೆ. ಸಿಸೇರಿಯನ್‌ಗೆ ಮುನ್ನ ಅದನ್ನು ಖಾಲಿ ಮಾಡಲು ಮರೆಯಬಾರದು. ತಲೆ ಇನ್ನೂ ಮೇಲಿರುವಾಗ ಹೆರಿಗೆ ಬೇಗ ಆಗಲೆಂದು ನೀರಿನ ಚೀಲ ಒಡೆಯುವ ಆತುರ ಬೇಡ. ಈ ಅವಘಡಕ್ಕೆ ಅದೂ ಒಂದು ಕಾರಣ.

ಆಮ್ಲಜನಕ ಕಡಿಮೆಯಾಗಿ ಹುಟ್ಟಿದ ಮಗು ಅಳದೆ ಜೋತುಬಿದ್ದಿರಬಹುದು. ಒಣಗಿಸಿ, ಬೆನ್ನು ಉಜ್ಜಿ, ಆದರೂ ಉಸಿರಾಡದಿದ್ದರೆ ಮೊದಲ ನಿಮಿಷದೊಳಗೇ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಬೇಕು. ಚೇತರಿಸಿಕೊಂಡರೂ ಮೊದಲ ಮೂರು ದಿನ ಕಣ್ಣಿಟ್ಟಿರಬೇಕು: ಹಾಲು ಚೀಪದಿರುವುದು, ವಿಪರೀತ ನಿದ್ದೆ, ಕೈಕಾಲು ಅದುರುವುದು, ಮಿದುಳಿಗೆ ಪೆಟ್ಟಾಗಿರುವ ಸೂಚನೆಯಿರಬಹುದು. ಕತ್ತು ನಿಲ್ಲುವುದು, ಕೂರುವುದು ತಡವಾಗುತ್ತಿದೆಯೇ ಎಂದು ಮುಂದಿನ ತಿಂಗಳುಗಳಲ್ಲೂ ತೋರಿಸುತ್ತಿರಬೇಕು.

ತಾಯಿ ಕಾರ್ಡಿನಲ್ಲಿ ಮಗು ಅಡ್ಡಲಾಗಿದೆ ಎಂದು ಬರೆದಿದ್ದರೆ, 37 ವಾರ ತುಂಬುವ ಮೊದಲೇ ವೈದ್ಯರನ್ನು ಕಂಡು, ನೋವು ಬರುವವರೆಗೆ ಎಲ್ಲಿರಬೇಕು, ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಶಸ್ತ್ರಚಿಕಿತ್ಸೆ ಆಗುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಮಸ್ಕಾರ.